ದೆವ್ವವಲ್ಲ, ಕರೆ

ಅಮೆರಿಕದ 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್' ಟಿ.ವಿ. ಮಾಲಿಕೆಯಲ್ಲಿ 1991ರಲ್ಲಿ ಬಂದ 'ನೈಟ್ ಟೆರರ್ಸ್' ಕಂತು ಮೇಲುನೋಟಕ್ಕೆ ದೆವ್ವದ ಕಥೆ.

ಬ್ರ್ಯಾಟನ್ ಎಂಬ ವ್ಯೋಮನೌಕೆ ಬಾಹ್ಯಾಕಾಶದ ಬಿರುಕೊಂದರಲ್ಲಿ ಸಿಕ್ಕಿ ನಿಂತಿದೆ. ಒಬ್ಬನ ಹೊರತು ಉಳಿದವರೆಲ್ಲ ಪರಸ್ಪರ ಕೊಂದುಕೊಂಡಿದ್ದಾರೆ. ಹುಡುಕಿ ಬಂದ ಎಂಟರ್‌ಪ್ರೈಸ್ ನೌಕೆಯೂ ಅಲ್ಲೇ ಸಿಕ್ಕಿಬೀಳುತ್ತದೆ. ಒಬ್ಬರಿಗೆ ಹಾಸಿಗೆಯಲ್ಲಿ ಹಾವು ಕಾಣುತ್ತದೆ, ಇನ್ನೊಬ್ಬರಿಗೆ ಹೆಣಗಳು ಎದ್ದು ಕೂತಂತೆ. ಕಾರಣ ಭೂತವಲ್ಲ, ಟ್ರಾಯ್ ಎಂಬಾಕೆಯ ಹೊರತು ಯಾರಿಗೂ ಕನಸೇ ಬೀಳುತ್ತಿಲ್ಲ. ಕಣ್ಣುಗುಡ್ಡೆ ಚಲಿಸುವ ಆ ಕನಸಿನ ನಿದ್ರೆಯನ್ನು ಅಸೆರಿನ್ಸ್ಕಿ, ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು 1953ರಲ್ಲೇ ವಿವರಿಸಿದ್ದರು.

ಬಿರುಕಿನ ಆಚೆ ಸಿಕ್ಕಿಕೊಂಡ ಬೇರೊಂದು ನೌಕೆಯವರು ಮನಸ್ಸಿನಿಂದ ಮನಸ್ಸಿಗೆ ಕಳಿಸುತ್ತಿದ್ದ ಸಂದೇಶವೇ ಕನಸನ್ನು ತಡೆದಿತ್ತು. ಟ್ರಾಯ್‌ಗೆ ಅದೇ ಕೆಟ್ಟ ಕನಸು: ಒಂದೇ ಚಂದ್ರ ಸುತ್ತುವ ಒಗಟು. ಬಿಡಿಸಿದರೆ, ಒಂದೇ ಎಲೆಕ್ಟ್ರಾನಿನ ಹೈಡ್ರೋಜನ್ ಬೇಕು ಅಂತ! ಕೊಟ್ಟರು, ಎರಡೂ ನೌಕೆ ಪಾರಾದವು.

ನಾನು ಕನ್ನಡ ಮೀಡಿಯಮ್ಮಿನಿಂದ ಮುಂಬಯಿ ಕಾಲೇಜಿಗೆ ಬಂದವನು. ಮೊದಲ ವರ್ಷ ಅಕೌಂಟೆನ್ಸಿ ಪಾಠ ಕಿವಿಗೆ ಬರೀ ಸದ್ದು. ರಾತ್ರಿ ನಿದ್ದೆಯಿಲ್ಲ, ಕಾಲೇಜು ಬಿಟ್ಟುಬಿಡೋಣ ಅನ್ನಿಸಿತ್ತು. ಪಕ್ಕದ ಬೆಂಚಿನ ಗೆಳೆಯ 'ಡೆಬಿಟ್ ಅಂದ್ರೆ ಇಷ್ಟೇ ಕಣೋ' ಅಂತ ಬಿಡಿಸಿ ಹೇಳಿದ ದಿನ ಭಯ ಹೋಯ್ತು. ಅರ್ಥವಾಗದ ಮಾತೇ ನಮಗೆ ದೆವ್ವ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತ ಹೊಸಬರನ್ನು ಈ ವರ್ಷ ನಾವೇ ಮಾತಾಡಿಸೋಣ, ಏನಂತೀರಿ?