ಕಪ್ಪು ಪುಡಿ, ನೀಲಿ ಹೂವು



ರಾಜಸ್ಥಾನದಲ್ಲಿ ಜೈಪುರ ಎಂಬ ಊರಿದೆ. ಅಲ್ಲಿ ನೀಲಿ ಹೂಬಳ್ಳಿಯ ಪಾತ್ರೆಗಳನ್ನು ಮಾಡುತ್ತಾರೆ. ಹೂದಾನಿ, ತಟ್ಟೆ, ಬಾಗಿಲಿನ ಹಿಡಿಕೆ ಮಾಡುತ್ತಾರೆ. ಮೈ ಬಿಳಿ, ಮೇಲೆ ನೀಲಿ ಹೂವು, ಗಾಜಿನಂಥ ಹೊಳಪು. ಈ ಕಸುಬಿಗೆ ‘ಬ್ಲೂ ಪಾಟರಿ’ ಅಂತ ಹೆಸರು. ಅಂದರೆ ನೀಲಿ ಕುಂಬಾರಿಕೆ.

“ಕುಂಬಾರಿಕೆ ಅಂದ್ರೆ ಮಣ್ಣಿಂದು ತಾನೆ?” ಅಂತ ನೀವು ಕೇಳಬಹುದು. ಗಡಿಗೆ ಮಾಡುವ ಜೇಡಿಮಣ್ಣು ಇದರಲ್ಲಿ ಇಲ್ಲ. ಬೆಣಚುಕಲ್ಲಿನ ಪುಡಿಯೇ ಹೆಚ್ಚು. ಅದಕ್ಕೆ ಗಾಜಿನ ಪುಡಿ, ಮುಲ್ತಾನಿ ಮಣ್ಣು, ಬಿಳಿಗಾರ, ಗೋಂದು ಸೇರಿಸುತ್ತಾರೆ. ನೀರು ಹಾಕಿ ರೊಟ್ಟಿ ಹಿಟ್ಟಿನ ಹಾಗೆ ನಾದುತ್ತಾರೆ. ಅಗಲ ಮಾಡಿ ಅಚ್ಚಿಗೆ ಹಾಕುತ್ತಾರೆ. ಒಣಗಿದ ಮೇಲೆ ತಿಕ್ಕಿ ನಯ ಮಾಡುತ್ತಾರೆ. ಬಿಳಿ ಲೇಪ ಕೊಟ್ಟು, ಅದರ ಮೇಲೆ ಚಿತ್ರ ಬರೆಯುತ್ತಾರೆ.

ನೀಲಿ ಬಣ್ಣ ಎಲ್ಲಿಂದ ಬರುತ್ತದೆ?

ಕಬ್ಬಿಣ, ತಾಮ್ರದ ಹಾಗೆ ಕೋಬಾಲ್ಟ್ ಕೂಡ ಒಂದು ಲೋಹ. ಬಣ್ಣಕ್ಕೆ ಬಳಸುವುದು ಕೋಬಾಲ್ಟ್ ಆಕ್ಸೈಡ್ ಎಂಬ ಪುಡಿ. ಆ ಪುಡಿ ನೀಲಿ ಅಲ್ಲ. ಇದ್ದಿಲಿನ ಹಾಗೆ ಕಪ್ಪು! ಅದನ್ನು ಗೋಂದಿನ ನೀರಲ್ಲಿ ಅರೆಯುತ್ತಾರೆ. ಸಣ್ಣ ಕುಂಚದಿಂದ ಗೆರೆ ಎಳೆಯುತ್ತಾರೆ. ಆಗ ಹೂವೂ ಕಪ್ಪು, ಎಲೆಯೂ ಕಪ್ಪು.

ಚಿತ್ರದ ಮೇಲೆ ಮೆರುಗಿನ ಲೇಪ ಬೀಳುತ್ತದೆ. ಮೆರುಗು ಅಂದರೆ ಕರಗಿ ಗಾಜಾಗುವ ಪುಡಿ. ಆಮೇಲೆ ಪಾತ್ರೆಯನ್ನು ಆವಿಗೆಯಲ್ಲಿ ಸುಡುತ್ತಾರೆ. ನೀರು ಕುದಿಯುವುದು 100 ಡಿಗ್ರಿ ಶಾಖಕ್ಕೆ. ಆವಿಗೆಯ ಶಾಖ 800 ಡಿಗ್ರಿ ದಾಟುತ್ತದೆ. ಮೆರುಗು ಕರಗುತ್ತದೆ. ಕೋಬಾಲ್ಟ್ ಅದರೊಳಗೆ ಬೆರೆಯುತ್ತದೆ. ಆಗ ಕಪ್ಪು ಹೋಗಿ ನೀಲಿ ಬರುತ್ತದೆ.

ಆವಿಗೆ ತಣ್ಣಗಾಗಲು ಎರಡು ಮೂರು ದಿನ ಬೇಕು. ಅವಸರ ಮಾಡಿ ತೆರೆದರೆ ಪಾತ್ರೆ ಬಿರುಕು ಬಿಡುತ್ತದೆ.

ಕಣ್ಣು ಮೋಸ ಹೋಗುತ್ತದೆ

ಈಗ ಯೋಚನೆ ಮಾಡಿ. ಮೂರು ಡಬ್ಬಿಗಳಿವೆ. ಮೂರರಲ್ಲೂ ಕಪ್ಪು ಪುಡಿ ಇದೆ. ಒಂದು ಕೋಬಾಲ್ಟ್. ಅದು ನೀಲಿ ಕೊಡುತ್ತದೆ. ಇನ್ನೊಂದು ತಾಮ್ರದ ಆಕ್ಸೈಡ್. ಅದು ಹಸಿರು, ಇಲ್ಲವೇ ಹಸಿರು ಬೆರೆತ ತಿಳಿ ನೀಲಿ ಕೊಡುತ್ತದೆ. ಮತ್ತೊಂದು ಮ್ಯಾಂಗನೀಸ್. ಅದು ನೇರಳೆ ಅಥವಾ ಕಂದು ಕೊಡುತ್ತದೆ. ಬರೀ ಕಣ್ಣಿಗೆ ಮೂರೂ ಒಂದೇ. ಡಬ್ಬಿ ಅದಲು ಬದಲಾದರೆ? ಆವಿಗೆ ತೆರೆಯುವವರೆಗೂ ಗೊತ್ತೇ ಆಗುವುದಿಲ್ಲ. ಅಷ್ಟೂ ದಿನದ ದುಡಿಮೆ ಹಾಳು.

ಹಾಗಾದರೆ ಯಾವುದು ಯಾವುದೆಂದು ಹೇಳುವುದು ಏನು? ಡಬ್ಬಿಯ ಮೇಲಿನ ಅಕ್ಷರ. ಅದನ್ನು ಓದಬೇಕು. ಅರ್ಥವಾಗದ ಭಾಷೆಯಲ್ಲಿದ್ದರೆ ಕೇಳಿ ತಿಳಿಯಬೇಕು. ನಮ್ಮ ಭಾಷೆಯಲ್ಲಿ ಚೀಟಿ ಬರೆದು ಅಂಟಿಸಬೇಕು.

ಲೆಕ್ಕವೂ ಬೇಕು

ಮೆರುಗಿಗೇ ಬಣ್ಣ ಬೆರೆಸುವುದೂ ಉಂಟು. ಕೋಬಾಲ್ಟ್‌ಗೆ ಬಲು ಶಕ್ತಿ. 1 ಕಿಲೋ ಮೆರುಗಿನ ಪುಡಿಗೆ ಸುಮಾರು 5 ಗ್ರಾಂ ಸಾಕು, ಚೆಂದದ ನೀಲಿ ಬರುತ್ತದೆ. 10 ಗ್ರಾಂ ಹಾಕಿದರೆ ಕಡು ನೀಲಿ. ಇನ್ನೂ ಸುರಿದರೆ ಕಪ್ಪಿಗೆ ತಿರುಗುತ್ತದೆ. ಕೋಬಾಲ್ಟ್ ದುಬಾರಿ ಪುಡಿ. ಕೈ ಅಂದಾಜು ಬೇಡ. ತೂಕ ಮಾಡಿ. ಹಾಕಿದ್ದನ್ನು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲವೂ ಅದೇ ನೀಲಿ ಬರುತ್ತದೆ.

ಮೈ ಜೋಪಾನ

ಬೆಣಚುಕಲ್ಲಿನ ಸಣ್ಣ ದೂಳು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ. ವರುಷಗಳ ಮೇಲೆ ಕೆಮ್ಮು, ಉಬ್ಬಸ ಬರುತ್ತದೆ. ಈ ರೋಗಕ್ಕೆ ಸಿಲಿಕೋಸಿಸ್ ಅನ್ನುತ್ತಾರೆ. ಪೂರ್ತಿ ವಾಸಿ ಮಾಡುವ ಔಷಧ ಇದಕ್ಕಿಲ್ಲ. ಸೆರಗು ಅಡ್ಡ ಹಿಡಿದರೆ ಸಾಲದು. ದೂಳು ತಡೆಯುವ ಮುಖಗವಸು ಬೇಕು. ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಕೋಬಾಲ್ಟ್ ಪುಡಿಯೂ ಒಳ್ಳೆಯದಲ್ಲ. ಚರ್ಮಕ್ಕೆ ತುರಿಕೆ, ಎದೆಗೆ ಉಬ್ಬಸ ತರಬಹುದು. ಕೈ ತೊಳೆಯದೆ ಊಟ ಬೇಡ, ಮಗುವಿಗೆ ಹಾಲು ಕೊಡುವುದೂ ಬೇಡ.

ಹಳೆಯ ಪದ್ಧತಿಯ ಮೆರುಗಿನಲ್ಲಿ ಸೀಸ ಬೆರೆಸುತ್ತಿದ್ದರು. ಸೀಸ ವಿಷ. ಹುಳಿ, ಮೊಸರು, ಉಪ್ಪಿನಕಾಯಿ ಇಟ್ಟರೆ ಅದು ಆಹಾರಕ್ಕೆ ಇಳಿಯಬಹುದು. ಬಸುರಿಯರಿಗೆ, ಎಳೆ ಮಕ್ಕಳ ಮಿದುಳಿಗೆ ಬಹಳ ಕೇಡು. “ಸೀಸ ಇಲ್ಲ, ಊಟಕ್ಕೆ ಬಳಸಬಹುದು” ಅಂತ ಖಾತ್ರಿ ಇದ್ದರೆ ಮಾತ್ರ ಊಟಕ್ಕೆ ಬಳಸಿ. ಇಲ್ಲವಾದರೆ ಅದು ಅಲಂಕಾರಕ್ಕೆ ಮಾತ್ರ.

ಕಸುಬು ಉಳಿಸಿದವರು

ಒಂದು ಕಾಲಕ್ಕೆ ಜೈಪುರದ ಈ ಕಸುಬು ಅಳಿಯುವುದರಲ್ಲಿತ್ತು. ಕೃಪಾಲ್ ಸಿಂಗ್ ಶೇಖಾವತ್ ಎಂಬ ಕಲಾವಿದರು ಅದಕ್ಕೆ ಮತ್ತೆ ಜೀವ ಕೊಟ್ಟರು. 1974ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರಿಗೆ ಬೆಂಬಲವಾಗಿ ನಿಂತವರಲ್ಲಿ ನಮ್ಮ ನಾಡಿನ ಹೆಣ್ಣುಮಗಳೂ ಇದ್ದರು. ಅವರೇ ಕಮಲಾದೇವಿ ಚಟ್ಟೋಪಾಧ್ಯಾಯ. ಅವರು 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ದೇಶದ ಕೈಕಸುಬುಗಳಿಗಾಗಿ ಬಾಳೆಲ್ಲ ದುಡಿದರು.

ಕುಂಚ ಹಿಡಿದ ಕೈಗೆ ಕಲೆ ಗೊತ್ತು. ಅದರ ಜೊತೆಗೆ ಅಕ್ಷರ, ಲೆಕ್ಕ ಸೇರಿದರೆ ದುಡಿಮೆಯೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ.

ಹೇಳಿ, ಬರೆಯಿರಿ

1. ಕೋಬಾಲ್ಟ್ ಪುಡಿ ಸುಡುವ ಮೊದಲು ಯಾವ ಬಣ್ಣ? ಸುಟ್ಟ ಮೇಲೆ ಯಾವ ಬಣ್ಣ?
2. 1 ಕಿಲೋ ಮೆರುಗಿಗೆ 5 ಗ್ರಾಂ ಕೋಬಾಲ್ಟ್ ಬೇಕು. 4 ಕಿಲೋಗೆ ಎಷ್ಟು ಬೇಕು?
3. ನೆಲವನ್ನು ಗುಡಿಸದೆ ಒರೆಸಬೇಕು. ಯಾಕೆ?
4. ನಿಮ್ಮ ಮನೆಯಲ್ಲಿ ಹೆಸರಿಲ್ಲದ ಡಬ್ಬಿ, ಸೀಸೆಗಳು ಇವೆಯಾ? ಅವುಗಳಲ್ಲಿ ಏನಿದೆ ಎಂದು ಚೀಟಿ ಬರೆದು ಇಂದೇ ಅಂಟಿಸಿ.