ಕುಸಿಯುವ ತಂತ್ರಾಂಶ, ಕೆಟ್ಟ ಸ್ಮರಣಕೋಶ

ಲೆಕ್ಕ ಬರೆಯುತ್ತಿರುವಾಗಲೇ ಎಕ್ಸೆಲ್ ಥಟ್ಟನೆ ಮುಚ್ಚಿಹೋದರೆ ನಾವು ದೂರುವುದು ಎಕ್ಸೆಲನ್ನೇ. ಒಂದೇ ಕಡತದಲ್ಲಿ, ಒಂದೇ ಕೆಲಸಕ್ಕೆ ಕುಸಿಯುವುದಾದರೆ ಆ ದೂರು ನ್ಯಾಯವೇ. ಇಂದು ಎಕ್ಸೆಲ್, ನಾಳೆ ವರ್ಡ್, ನಾಡಿದ್ದು ಮತ್ತೊಂದು ಎಂದು ಗೊತ್ತುಗುರಿಯಿಲ್ಲದೆ ಕುಸಿದರೆ ಮಾತ್ರ ಯಂತ್ರವನ್ನು, ಅದರಲ್ಲೂ ಮೆಮೊರಿಯನ್ನು ಪರೀಕ್ಷಿಸತಕ್ಕದ್ದು.

ಮೆಮೊರಿಯಲ್ಲಿ ಒಂದೊಂದು ಬಿಟ್ಟೂ ಅತಿ ಸೂಕ್ಷ್ಮವಾದ ಕೆಪಾಸಿಟರಿನಲ್ಲಿ ನಿಂತ ವಿದ್ಯುದಾವೇಶ. ಅಂತಹ ಒಂದು ಕೋಶ ಕೆಟ್ಟಿತೆನ್ನೋಣ. ಅಕ್ಷರರೂಪದಲ್ಲಿ 1ರ ಸಂಕೇತ 00110001. ಎಡದಿಂದ ಐದನೆಯ ಬಿಟ್ಟು ಮಗುಚಿದರೆ 00111001, ಅಂದರೆ 9! ತಂತ್ರಾಂಶ ಕುಸಿದರೆ ನಮ್ಮ ಪುಣ್ಯ. ಕುಸಿಯದೆ ಆ ತಪ್ಪು ಅಂಕಿಯನ್ನು ಕಡತದಲ್ಲಿ ಉಳಿಸಿಬಿಟ್ಟರೆ ಹಿಡಿಯುವವರಾರು? ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ದೋಷನಿವಾರಕ ಸಂಕೇತದ ತತ್ತ್ವದಿಂದ ಸರ್ವರ್‌ಗಳ ಮೆಮೊರಿ ಇಂತಹ ಒಂಟಿ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಸಾಮಾನ್ಯ ಕಚೇರಿಯ ಗಣಕಯಂತ್ರಗಳಲ್ಲಿ ಬಹುಮಟ್ಟಿಗೆ ಆ ಕಾವಲಿಲ್ಲ.

ಆದುದರಿಂದ ಸಂಶಯ ಬಂದೊಡನೆ ಹಳೆಯ ಪ್ರತಿಗಳ ಮೇಲೆ ಹೊಸದನ್ನು ಬರೆಯಬಾರದು. ವಿಂಡೋಸ್‌ನಲ್ಲಿರುವ ಮೆಮೊರಿ ಪರೀಕ್ಷಕವನ್ನಾಗಲಿ ಮೆಮ್‌ಟೆಸ್ಟ್86 ಅನ್ನಾಗಲಿ ರಾತ್ರಿಯೆಲ್ಲ ನಡೆಸಬೇಕು. ತಪ್ಪು ಕಂಡರೆ, ಯಂತ್ರದ ವಿದ್ಯುತ್ ಸಂಪರ್ಕ ತೆಗೆದು, ಎರಡು ಮೆಮೊರಿ ಪಟ್ಟಿಗಳಲ್ಲಿ ಒಂದನ್ನು ಕಳಚಿ ಇನ್ನೊಂದನ್ನಷ್ಟೇ ಪರೀಕ್ಷಿಸಬೇಕು. ಬಳಿಕ ಅದೇ ಜಾಗದಲ್ಲಿ ಮೊದಲನೆಯದನ್ನು. ಯಾವ ಪಟ್ಟಿಯನ್ನಿಟ್ಟರೂ ಅಲ್ಲಿ ತಪ್ಪು ತೋರಿದರೆ ಸಂಶಯವು ಮದರ್‌ಬೋರ್ಡಿನ ಕಡೆಗೆ ತಿರುಗಬೇಕು.