ಹೈಟಿ: ಬಿಡುಗಡೆಯ ಬೆಲೆ ಮತ್ತು ನುಡಿಯ ಪ್ರಶ್ನೆ

ವಸಾಹತೋತ್ತರ ಸಾಹಿತ್ಯವನ್ನು ಕುರಿತ ನಮ್ಮ ಚರ್ಚೆಗಳಲ್ಲಿ ಕೆರಿಬಿಯನ್ ಸಮುದ್ರದ ಹೈಟಿಯ ಹೆಸರು ಬಂದುಹೋಗುವುದುಂಟು. ಅಲ್ಲಿ ನಿಂತು ವಿಚಾರಿಸುವುದು ಕಡಿಮೆ. ಗುಲಾಮರೇ ದಂಗೆಯೆದ್ದು, ಒಡೆಯರನ್ನು ಸೋಲಿಸಿ, ಸ್ವತಂತ್ರ ರಾಷ್ಟ್ರವೊಂದನ್ನು ಸ್ಥಾಪಿಸಿದ ನಿದರ್ಶನ ಆಧುನಿಕ ಚರಿತ್ರೆಯಲ್ಲಿ ಇದೊಂದೇ ಎಂಬುದನ್ನು ಗಮನಿಸಬೇಕು.

1697ರಲ್ಲಿ ಫ್ರಾನ್ಸಿನ ವಶವಾದ ಈ ವಸಾಹತಿನಲ್ಲಿ ಕಬ್ಬು, ಕಾಫಿಗಳ ತೋಟಗಳಿಗಾಗಿ 18ನೆಯ ಶತಮಾನದ ಕೊನೆಯ ವೇಳೆಗೆ ಸುಮಾರು 5 ಲಕ್ಷ ಗುಲಾಮರು ದುಡಿಯುತ್ತಿದ್ದರು. 1791ರ ಆಗಸ್ಟ್‌ನಲ್ಲಿ ಅವರು ಬಂಡೆದ್ದರು. 1794ರಲ್ಲಿ ಪ್ಯಾರಿಸಿನ ಕ್ರಾಂತಿಸಭೆ ಗುಲಾಮಗಿರಿಯನ್ನು ರದ್ದುಗೊಳಿಸಿತು. ಅದನ್ನು ಮರಳಿ ಹೇರಲು ನೆಪೋಲಿಯನ್ನನು 1802ರಲ್ಲಿ ಸೈನ್ಯ ಕಳುಹಿಸಿದನು. ನಾಯಕ ತೂಸ್ಸೇಂ ಲೂವೆರ್ತೂರ್ ವಂಚನೆಯಿಂದ ಸೆರೆಸಿಕ್ಕಿ 1803ರಲ್ಲಿ ಫ್ರಾನ್ಸಿನ ಕೋಟೆಯೊಂದರಲ್ಲಿ ಸತ್ತನು. ಆದರೂ ದೆಸ್ಸಾಲೀನನ ಮುಂದಾಳುತನದಲ್ಲಿ 1804ರ ಜನವರಿ 1ರಂದು ದೇಶ ಸ್ವತಂತ್ರವಾಯಿತು.

ಕತೆ ಇಲ್ಲಿಗೆ ಮುಗಿಯಲಿಲ್ಲ. 1825ರಲ್ಲಿ ಹತ್ತನೆಯ ಚಾರ್ಲ್ಸ್ ದೊರೆ ಯುದ್ಧನೌಕೆಗಳನ್ನು ಕಳುಹಿಸಿ, ಸ್ವಾತಂತ್ರ್ಯಕ್ಕೆ ಮನ್ನಣೆ ಬೇಕಿದ್ದರೆ 15 ಕೋಟಿ ಫ್ರಾಂಕುಗಳನ್ನು ತೆರಬೇಕೆಂದು ವಿಧಿಸಿದನು. ಹಣ ಸಲ್ಲಬೇಕಾದದ್ದು ಹಳೆಯ ತೋಟದ ಒಡೆಯರಿಗೆ. ಕಳೆದುಹೋದ ಆಸ್ತಿಯ ಲೆಕ್ಕದಲ್ಲಿ ಗುಲಾಮರೂ ಸೇರಿದ್ದರು. ಎಂದರೆ, ಬಿಡುಗಡೆ ಪಡೆದವರು ತಮ್ಮ ಮೈಯ ಬೆಲೆಯನ್ನು ತಾವೇ ಕಟ್ಟಬೇಕಾಯಿತು! ಮೊದಲ ಕಂತಿಗೇ ಫ್ರೆಂಚ್ ಬ್ಯಾಂಕುಗಳಲ್ಲಿ ಸಾಲ ಮಾಡಬೇಕಾಯಿತು. 1838ರಲ್ಲಿ ಒಟ್ಟು ಮೊತ್ತ 9 ಕೋಟಿಗೆ ಇಳಿಯಿತಾದರೂ ಇದಕ್ಕೆ ಸಂಬಂಧಿಸಿದ ಸಾಲಗಳು ತೀರಿದ್ದು 1947ರಲ್ಲಿ. ಹೈಟಿಯ ಬಡತನವನ್ನು ಅಲ್ಲಿನ ಆಡಳಿತದ ದೋಷವೊಂದರಿಂದಲೇ ವಿವರಿಸಹೊರಟವರು ಈ ಲೆಕ್ಕಪತ್ರವನ್ನು ಮೊದಲು ತೆರೆದು ನೋಡಬೇಕು. ಈ ಋಣವನ್ನು ಪರಿಶೀಲಿಸಲು ಇತಿಹಾಸಕಾರರ ಜಂಟಿ ಆಯೋಗವೊಂದನ್ನು ಫ್ರಾನ್ಸ್ ಘೋಷಿಸಿದ್ದು 2025ರಲ್ಲಿ.

ಭಾಷಾ ವಿದ್ಯಾರ್ಥಿಗಳಾದ ನಮಗೆ ಇನ್ನೊಂದು ಸಂಗತಿ ಮುಖ್ಯ. 1804ರ ಸ್ವಾತಂತ್ರ್ಯ ಘೋಷಣೆ ರಚಿತವಾದದ್ದು ಫ್ರೆಂಚಿನಲ್ಲಿ. ಹೋರಾಡಿದ ಜನರ ನುಡಿಯಾದರೋ ಕ್ರಿಯೋಲ್. ಇದರ ಪದಸಂಪತ್ತಿನ ಬಹುಪಾಲು ಫ್ರೆಂಚಿನದು, ವ್ಯಾಕರಣ ಬೇರೆ. ಧಾತು ಬದಲಾಗದು, ಅದಕ್ಕೆ ಮೊದಲು ಬರುವ ಬಿಡಿ ಪದಗಳು ಕಾಲವನ್ನು ಸೂಚಿಸುತ್ತವೆ. ಇದನ್ನು 'ಕೆಟ್ಟ ಫ್ರೆಂಚ್' ಎಂದು ಕರೆದವರಲ್ಲಿ ಪರದೇಶದವರಷ್ಟೇ ಅಲ್ಲ, ಹೈಟಿಯ ವಿದ್ಯಾವಂತರೂ ಇದ್ದರು. ಅಮೆರಿಕದ ಸೈನ್ಯ ದೇಶವನ್ನು ಆಕ್ರಮಿಸಿಕೊಂಡಿದ್ದ ಕಾಲದ (1915-34) 1918ರ ಸಂವಿಧಾನ ಫ್ರೆಂಚನ್ನೇ ಆಡಳಿತ ಭಾಷೆಯೆಂದು ಸಾರಿತು. ಕ್ರಿಯೋಲಿಗೆ ಸಮಾನ ಸ್ಥಾನ ಸಿಕ್ಕಿದ್ದು 1987ರ ಸಂವಿಧಾನದಲ್ಲಿ, ಸ್ವಾತಂತ್ರ್ಯ ಬಂದು 183 ವರ್ಷಗಳ ಮೇಲೆ.

ಸಾಹಿತ್ಯ ಅಷ್ಟು ಕಾಲ ಕಾಯಲಿಲ್ಲ. ಮೊರಿಸ್ಸೋ-ಲೆರುವಾ 1953ರಲ್ಲಿಯೇ 'ಆಂಟಿಗೊನೆ'ಯನ್ನು ಕ್ರಿಯೋಲಿನ ರಂಗಕ್ಕೆ ತಂದರು. ಫ್ರಾಂಕೆಟಿಯೆನ್ ಅವರ 'ದೆಜಾಫಿ' (1975) ಹೈಟಿಯ ಕ್ರಿಯೋಲಿನ ಮೊದಲ ಕಾದಂಬರಿಯೆಂದು ಪರಿಗಣಿತವಾಗಿದೆ. ಮಾಂತ್ರಿಕನೊಬ್ಬನು ಮನುಷ್ಯರ ಎಚ್ಚರವನ್ನು ಕಸಿದು, ಜೀವಚ್ಛವಗಳಂತೆ ಹೊಲದಲ್ಲಿ ದುಡಿಸಿಕೊಳ್ಳುತ್ತಾನೆ. ಅವರಿಗೆ ಉಪ್ಪು ತಿನ್ನಿಸಿದೊಡನೆ ಎಚ್ಚರ ಮರಳುತ್ತದೆ, ದಂಗೆಯೇಳುತ್ತಾರೆ. ಸರ್ವಾಧಿಕಾರದ ದಿನಗಳಲ್ಲಿ ಬರೆದ ಈ ಕತೆಯ ಸೂಚನೆ ಓದುಗರಿಗೆ ತಿಳಿಯದೆ ಹೋಗಲಿಲ್ಲ. ಜೋಳವಾಳಿಯ, ಉಪ್ಪಿನ ಋಣದ ಕಲ್ಪನೆಯಲ್ಲಿ ಬೆಳೆದ ಕನ್ನಡ ಓದುಗನಿಗೆ ಮಾತ್ರ ಇಲ್ಲಿ ಕ್ಷಣಕಾಲ ತಡೆಯಾಗಬಹುದು: ನಮ್ಮಲ್ಲಿ ಉಪ್ಪು ಒಡೆಯನಿಗೆ ಆಳನ್ನು ಕಟ್ಟಿಹಾಕುತ್ತದೆ, ಅಲ್ಲಿ ಅದೇ ಉಪ್ಪು ಕಟ್ಟು ಬಿಚ್ಚುತ್ತದೆ.